ಷೆರಿಫ್‌ನ ನಕ್ಷತ್ರ ತಿಕ್ಕಿದವರು ಯಾರು?

"ಯಾರು ತೊಳೆದಿದ್ದು ಇದನ್ನ? ಯಾರು?"

ಎಲೆನಾ ಬರೇರಾ ಕೂಗಿದ ರಭಸಕ್ಕೆ ವಿಮಾ ಕಂಪನಿಯ ತನಿಖೆಗಾರ್ತಿ ಮಧುರಾಳ ಕೈಲಿದ್ದ ಕಾಫಿ ತುಳುಕಿತು. ಕಳುವಾದ ವಸ್ತು ಮನೆಗೆ ವಾಪಸ್ ಬಂದರೆ ಯಾರಾದರೂ ದೇವರಿಗೆ ತುಪ್ಪದ ದೀಪ ಹಚ್ಚುತ್ತಾರೆ. ಈ ಹ್ಯೂಸ್ಟನ್ ಮುದುಕಿ ಮಾತ್ರ ಮನೆಯಲ್ಲಿ ಸಾವಾದಂತೆ ಎದೆ ಬಡಿದುಕೊಳ್ಳುತ್ತಿದ್ದರು.

ಊಟದ ಮೇಜಿನ ಮೇಲೆ, ಹರಿದ ಪಾರ್ಸೆಲ್ ಕವರಿನ ಪಕ್ಕ, ಬೆಳ್ಳಿ ನಕ್ಷತ್ರ ಫಳಫಳ ಹೊಳೆಯುತ್ತಿತ್ತು. ಮೂರು ವಾರದ ಹಿಂದೆ ಆಸ್ಟಿನ್‌ನ ಪ್ರದರ್ಶನದಲ್ಲಿ ಬೀಗ ಮುರಿಯದೆ, ಗಾಜು ಒಡೆಯದೆ ಮಾಯವಾಗಿದ್ದ ಷೆರಿಫ್ ಅನ್ಸೆಲ್ಮೊ ಬರೇರಾನ ಬಿಲ್ಲೆ ಅದು. ನಿನ್ನೆ ಅಂಚೆಯಲ್ಲಿ ಬಂದಿತ್ತು. ಕಳಿಸಿದವರ ಹೆಸರಿಲ್ಲ, ವಿಳಾಸವಿಲ್ಲ. ಮುದ್ರೆ ಮಾತ್ರ ಆಸ್ಟಿನ್‌ನದು.

"ನೂರೈವತ್ತು ವರ್ಷ ಇದು ಕಪ್ಪಗೇ ಇತ್ತು, ಮಿಹಾ." ತಮಗಿಂತ ಕಿರಿಯ ಹೆಂಗಸರನ್ನೆಲ್ಲ ಎಲೆನಾ ಕರೆಯುವುದು ಹಾಗೇ, ಮಗಳೇ ಎಂದು. "ಆ ಕಪ್ಪು ನಮ್ಮ ಮುತ್ತಜ್ಜನ ಬೆವರು. ಗುಂಡು ಬಿದ್ದ ದಿನದ ರಕ್ತ. ನಮ್ಮಜ್ಜಿ ಇದರ ಧೂಳನ್ನೂ ಒರೆಸೋಕೆ ಬಿಡ್ತಿರಲಿಲ್ಲ. ಈಗ ನೋಡು, ಅಂಗಡಿಯಿಂದ ಈಗ ತಾನೇ ತಂದ ಹಾಗಿದೆ!"

ಮಧುರಾ ಕೈಗವಸು ಹಾಕಿಕೊಂಡು ನಕ್ಷತ್ರವನ್ನು ಮಗುಚಿದಳು. ಮೂಲದಲ್ಲಿ ಅದೊಂದು ಮೆಕ್ಸಿಕೋ ದೇಶದ ಬೆಳ್ಳಿ ನಾಣ್ಯ. ಯಾವನೋ ಅಕ್ಕಸಾಲಿ ಒಂದು ಮುಖವನ್ನು ಅರದಿಂದ ಉಜ್ಜಿ ನಕ್ಷತ್ರ ಕೊರೆದಿದ್ದ. ಹಿಂಬದಿಯಲ್ಲಿ ನಾಣ್ಯದ ಹದ್ದು ಹಾಗೇ ಉಳಿದಿತ್ತು. ಹದ್ದಿನ ರೆಕ್ಕೆಯ ಸಂದಿನಲ್ಲಿ ಏನೋ ಬಿಳಿ ಪುಡಿ.

ಸೂಜಿಯ ತುದಿಯಿಂದ ಒಂದಿಷ್ಟು ಕೆರೆದು ತೆಗೆದಳು. ಕೈಗವಸು ಬಿಚ್ಚಿ ಬೆರಳ ನಡುವೆ ಉಜ್ಜಿದಳು. ಮೂಗಿನ ಹತ್ತಿರ ಹಿಡಿದಳು.

ವಿಭೂತಿ!

ಪೊಲೀಸರ ಕೈಗೆ ಸಿಕ್ಕಿದ್ದರೆ ಯಾವುದೋ ಬಿಳಿ ಪುಡಿ ಎಂದು ಲ್ಯಾಬಿಗೆ ಕಳಿಸಿ ತಿಂಗಳುಗಟ್ಟಲೆ ಕಾಯುತ್ತಿದ್ದರು. ಮಧುರಾಗೆ ಒಂದು ಉಸಿರು ಸಾಕಾಯಿತು. ಹಬ್ಬದ ಹಿಂದಿನ ದಿನ ಮೈಸೂರಿನ ಮನೆಯ ಹಿತ್ತಲಲ್ಲಿ ಅಮ್ಮ ಕಾಲು ಚಾಚಿ ಕೂತು, ಅಪ್ಪನ ಹಳೇ ಪಂಚೆಯ ತುಂಡಿಗೆ ವಿಭೂತಿ ಅದ್ದಿಕೊಂಡು ಬೆಳ್ಳಿ ಸಾಮಾನು ತಿಕ್ಕುತ್ತಿದ್ದಳು. ಹಿತ್ತಾಳೆ, ತಾಮ್ರಕ್ಕೆ ಹುಣಸೆಹಣ್ಣು, ಬೆಳ್ಳಿಗೆ ವಿಭೂತಿ. ಇದು ಯಾವ ಅಮೆರಿಕದವನಿಗೂ ಹೊಳೆಯುವ ವಿದ್ಯೆಯಲ್ಲ.

ಅಂದರೆ ನಕ್ಷತ್ರ ನಮ್ಮವರದೇ ಒಂದು ಮನೆ ಹೊಕ್ಕು ಬಂದಿದೆ.

ಪ್ರದರ್ಶನದ ಗಾಜಿನ ಪೆಟ್ಟಿಗೆಗೆ ಬೀಗದ ಕೈ ಇದ್ದವರು ಕೆಲವೇ ಮಂದಿ. ಅವರಲ್ಲಿ ನಮ್ಮವರು ಎಂದರೆ ಒಬ್ಬಳೇ, ಪ್ರದರ್ಶನವನ್ನು ಕಟ್ಟಿದ ನಿವೇದಿತಾ. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಮಧುರಾಳ ಎದೆಯಲ್ಲಿ ಸಂತೋಷ ಉಕ್ಕಿತು. ಅಳುತ್ತಿರುವ ಮುದುಕಿಯ ಎದುರು ಮುಖದ ಮೇಲೆ ನಗು ಬಂದೀತೆಂದು ತುಟಿ ಕಚ್ಚಿ ಹಿಡಿದಳು.

"ಎಲೆನಾ, ಇದನ್ನ ನನ್ನ ಜೊತೆ ಕಳಿಸಿ. ಕಂಪನಿ ಲಾಕರ್‌ನಲ್ಲಿ ಇಡ್ತೀನಿ."

"ಆಗಲ್ಲ. ಒಂದು ಸಲ ಹೊರಗೆ ಕಳಿಸಿ ಪಟ್ಟಿದ್ದು ಸಾಕು."

"ಹಾಗಾದ್ರೆ ನಾಳೆ ಬೆಳಿಗ್ಗೆ ನಮ್ಮ ಲೋಹ ಪರೀಕ್ಷಕರು ಡಲ್ಲಾಸ್‌ನಿಂದ ಇಲ್ಲಿಗೇ ಬರ್ತಾರೆ. ಅಲ್ಲೀವರೆಗೆ ಯಾರ ಕೈಗೂ ಕೊಡಬೇಡಿ."

"ನಿನ್ನ ಕೈಗೇ ಕೊಡ್ತಿಲ್ಲ, ಇನ್ಯಾರ ಕೈಗೆ ಕೊಡಲಿ?" ಎಂದು ಎಲೆನಾ ನಕ್ಷತ್ರವನ್ನು ಸೆರಗಿನಂತೆ ಹೊದ್ದಿದ್ದ ಶಾಲಿನೊಳಗೆ ಮುಚ್ಚಿಕೊಂಡರು.

ಕಾರಿನಲ್ಲಿ ಕೂತ ಮೇಲೂ ಮಧುರಾ ನೇರ ಹೊರಡಲಿಲ್ಲ. ಹಿಲ್‌ಕ್ರಾಫ್ಟ್ ರಸ್ತೆಗೆ ಹೋಗಿ, ಭಾರತೀಯ ಅಂಗಡಿಗಳ ಮಹಾತ್ಮ ಗಾಂಧಿ ಡಿಸ್ಟ್ರಿಕ್ಟ್‌ನ ಒಂದು ಅಂಗಡಿಯಲ್ಲಿ ವಿಭೂತಿಯ ಗಟ್ಟಿ ಕೊಂಡಳು. ಸೂಜಿಯಲ್ಲಿ ತೆಗೆದಿದ್ದ ಪುಡಿಯ ಪಕ್ಕ ಅದನ್ನು ಕೆರೆದು ನೋಡಿದಳು. ಅದೇ ಬಣ್ಣ, ಅದೇ ನುಣುಪು, ಅದೇ ವಾಸನೆ.

ಆಮೇಲೆ ಆಸ್ಟಿನ್ ಕಡೆಗೆ ಕಾರು ತಿರುಗಿಸಿದಳು. ಆಫೀಸಿಗೆ ಹೇಳಲಿಲ್ಲ. ಮನೆಗೂ ಹೇಳಲಿಲ್ಲ.

ನಿವೇದಿತಾ ಎಂಬ ಹೆಸರು ಕೇಳಿದರೆ ಸಾಕು, ಮಧುರಾಳ ಹೊಟ್ಟೆಯಲ್ಲಿ ಸಾಸಿವೆ ಸಿಡಿಯುತ್ತಿತ್ತು.

ಧಾರವಾಡದವಳು. ಗಂಡನಿಂದ ಬೇರೆಯಾಗಿ ಆಸ್ಟಿನ್ ಪಕ್ಕದ ರೌಂಡ್ ರಾಕ್‌ನಲ್ಲಿ ತಾಯಿಯ ಜೊತೆ ಇದ್ದಾಳೆ. ಟೆಕ್ಸಸ್ ಮರೆತೇಬಿಟ್ಟಿದ್ದ ಒಬ್ಬ ಷೆರಿಫ್‌ನನ್ನು ಹುಡುಕಿ ತೆಗೆದು, ಅವನ ಮೇಲೆ ಪ್ರದರ್ಶನ ಕಟ್ಟಿ, ಟೀವಿಯಲ್ಲಿ ಮಾತಾಡಿ ಹೆಸರು ಮಾಡಿದವಳು. ಇಷ್ಟು ಸಾಲದೆಂಬಂತೆ ಇಳಕಲ್ ಸೀರೆ ಅವಳಿಗೆ ಅನ್ಯಾಯಕ್ಕೆ ಒಪ್ಪುತ್ತಿತ್ತು.

ಮಧುರಾಳ ಗಂಡ ಪ್ರಶಾಂತ್ ಡಲ್ಲಾಸ್ ಪಕ್ಕದ ಲಾಸ್ ಕೊಲಿನಾಸ್‌ನಲ್ಲಿ ಐಟಿ ಕನ್ಸಲ್ಟೆಂಟ್. ವಸ್ತುಗಳನ್ನು ತ್ರೀಡಿ ಸ್ಕ್ಯಾನ್ ಮಾಡಿ ನಕಲು ತೆಗೆಯುವುದು ಅವನ ಹುಚ್ಚು. ಪ್ರದರ್ಶನಕ್ಕೆ ಬರುವ ಮಕ್ಕಳು ಮುಟ್ಟಿ ನೋಡಲಿ ಎಂದು ಬರೇರಾನ ಸಾಮಾನುಗಳ ಪ್ಲಾಸ್ಟಿಕ್ ನಕಲು ಮಾಡಿಕೊಡಲು ಒಪ್ಪಿಕೊಂಡಿದ್ದ. ಅಲ್ಲಿಂದ ಶುರುವಾಯಿತು. ಶನಿವಾರ ಬಂತೆಂದರೆ ಕಾರು ಆಸ್ಟಿನ್ ದಾರಿ ಹಿಡಿಯುತ್ತಿತ್ತು.

ಮನೆಗೆ ಬಂದ ಮೇಲೂ ಊಟದ ತಟ್ಟೆಯ ಮುಂದೆ ಬರೇರಾನದೇ ಕಥೆ. ಬರೇರಾ ಎತ್ತಿನ ಗಾಡಿ ಹೊಡೆಯುತ್ತಿದ್ದ ಹುಡುಗನಂತೆ. ಕೋರ್ಟಿನ ಕಿಟಕಿಯ ಹೊರಗೆ ನಿಂತು ಕೇಳಿ ಕೇಳಿ ಇಂಗ್ಲಿಷ್ ಕಲಿತನಂತೆ. ಪಾಲೊ ಸೆಕೊ ಕೌಂಟಿಯಲ್ಲಿ ಸ್ಪ್ಯಾನಿಷ್ ಮಾತಾಡುವವನೊಬ್ಬ ಷೆರಿಫ್ ಆಗಿ ಗೆದ್ದದ್ದು ಅದೇ ಮೊದಲಂತೆ. ಕುದುರೆ ಕದ್ದ ಸ್ವಂತ ಬಾಮೈದನನ್ನು ಮದುವೆ ಚಪ್ಪರದಿಂದಲೇ ಹಿಡಿದು ತಂದನಂತೆ. ಅವನ ಹೆಂಡತಿ ಆಮೇಲೆ ವರ್ಷಗಟ್ಟಲೆ ಮಾತು ಬಿಟ್ಟರೂ ಊಟ ಮಾತ್ರ ಬಿಸಿಯಾಗಿಯೇ ಇಟ್ಟಳಂತೆ.

ಬಂದೂಕು ಹಿಡಿದವರೂ ಬರೇರಾ ಬಂದನೆಂದರೆ ಸುಮ್ಮನೆ ಕೈ ಚಾಚುತ್ತಿದ್ದರಂತೆ. ಅದನ್ನು ನೋಡಿ ನೋಡಿ ಉರಿದುಹೋದವನು ಅವನ ಕೈಕೆಳಗಿನ ಹ್ಯಾಡ್ಲಿ. ಒಂದು ಮಧ್ಯಾಹ್ನ ಬರೇರಾ ಕುದುರೆಗೆ ನೀರು ಕುಡಿಸುತ್ತಿದ್ದಾಗ ಬೆನ್ನಿಗೆ ಗುಂಡು ಬಿತ್ತು. ಮುಂದೆ ಹ್ಯಾಡ್ಲಿಯೇ ಷೆರಿಫ್ ಆದ. ಕೌಂಟಿಯ ಚರಿತ್ರೆಯಲ್ಲಿ ಬರೇರಾನ ಬಗ್ಗೆ ಉಳಿದದ್ದು ಒಂದೇ ಮಾತು, ಅವನೊಬ್ಬ ದುಭಾಷಿ ಎಂದು.

"ಹೊಟ್ಟೆಕಿಚ್ಚು ಮನುಷ್ಯನ್ನ ಎಲ್ಲಿಗೆ ತಗೊಂಡು ಹೋಗುತ್ತೆ ನೋಡಿ, ಅಂತಾರೆ ನಿವೇದಿತಾ," ಎಂದಿದ್ದ ಪ್ರಶಾಂತ್ ಒಂದು ದಿನ.

"ಸಾರು ಬಡಿಸಲಾ?" ಎಂದಿದ್ದಳು ಮಧುರಾ.

ಸತ್ತು ಮಣ್ಣಾಗಿ ನೂರು ವರ್ಷದ ಮೇಲಾದ ಆ ಷೆರಿಫ್ ಮೇಲೂ ಅವಳಿಗೆ ಸಿಟ್ಟು ಬರತೊಡಗಿತ್ತು. ನಿವೇದಿತಾ ಹಾಗಂದರು, ನಿವೇದಿತಾ ಹೀಗಂದರು, ನಿವೇದಿತಾಗೆ ಎಷ್ಟು ಗೊತ್ತಪ್ಪಾ! ತನ್ನ ಗಂಡನ ಬಾಯಲ್ಲಿ ತನ್ನ ಬಗ್ಗೆ ಒಂದು ಒಳ್ಳೆ ಮಾತು ಬಂದು ಎಷ್ಟು ಕಾಲವಾಯಿತೋ ಅವಳಿಗೆ ನೆನಪಿರಲಿಲ್ಲ.

ನಕ್ಷತ್ರ ಕಳುವಾದಾಗ ಅದರ ವಿಮೆ ಮಾಡಿದ್ದು ಮಧುರಾಳ ಕಂಪನಿಯೇ ಎಂದು ಗೊತ್ತಾಯಿತು. ಗಂಡನಿಗೆ ಆ ಪ್ರದರ್ಶನದ ನಂಟಿದೆ ಎಂದು ಒಂದು ಮಾತು ಹೇಳಿದ್ದರೆ ಕೇಸು ಬೇರೆ ತನಿಖೆಗಾರರ ಕೈಗೆ ಹೋಗುತ್ತಿತ್ತು. ಅದು ನಿಯಮ. ಮಧುರಾ ಬಾಯಿ ಬಿಡಲಿಲ್ಲ. ನಿವೇದಿತಾಳ ಮನೆಯನ್ನು ಒಳಹೊಕ್ಕು ನೋಡುವ ಅಧಿಕಾರ ಅವಳಿಗೆ ಬೇಕಿತ್ತು. ಗೊತ್ತಾದರೆ ಕೆಲಸ ಹೋಗುತ್ತದೆ, ಲೈಸೆನ್ಸೂ ಹೋಗುತ್ತದೆ. ಹೋದರೆ ಹೋಗಲಿ ಎನ್ನುವಷ್ಟು ಕುದಿ ಅವಳಲ್ಲಿತ್ತು.

ಇವತ್ತು ಸಂಜೆಯೊಳಗೆ ಬಾಸ್‌ಗೆ ಒಂದು ಹೆಸರು ಬೇಕು. ಆ ಹೆಸರು ಹೆದ್ದಾರಿಯುದ್ದಕ್ಕೂ ಮಧುರಾಳ ನಾಲಿಗೆಯ ಮೇಲೆ ಕಲ್ಲುಸಕ್ಕರೆಯ ಹಾಗೆ ಕರಗುತ್ತಿತ್ತು.

ರೌಂಡ್ ರಾಕ್‌ನ ಮನೆಯ ಬಾಗಿಲು ತೆರೆದವರು ನಿವೇದಿತಾಳ ತಾಯಿ ಕಾಶವ್ವ. ಹಣೆ ತುಂಬ ವಿಭೂತಿ, ಕೈ ತುಂಬ ಹಸಿರು ಬಳೆ.

"ಬಾ ಯವ್ವಾ, ಬಾ. ನೀ ಪ್ರಶಾಂತನ ಹೇಣ್ತಿ ಅಲ್ಲೇನು? ಫೋಟೋದಾಗ ನೋಡೀನಿ. ಒಳಗ ಬಾ, ಬಿಸಲಾಗ ಯಾಕ ನಿಂತಿ?"

ಒಳಗೆ ಕಾಲಿಟ್ಟ ಮಧುರಾ ಅಲ್ಲೇ ನಿಂತಳು. ನಡುಮನೆಯ ನೆಲಕ್ಕೆ ಹಾಸಿದ ಜಮಖಾನೆಯ ಮೇಲೆ ಬೆಳ್ಳಿ ರಾಶಿ. ದೀಪಗಳು, ಪಂಚಪಾತ್ರೆ, ಆರತಿ ತಟ್ಟೆ, ಲಿಂಗದ ಕರಡಿಗೆ. ಪಕ್ಕದಲ್ಲೇ ತಟ್ಟೆ ತುಂಬ ವಿಭೂತಿ ಪುಡಿ, ಬಟ್ಟೆಯ ತುಂಡುಗಳು.

"ಕನ್ನಡ ಸಂಘದ ದಸರಾ ಪೂಜಾ ಈ ಸಲ ನಮ್ಮ ಮನ್ಯಾಗ," ಎಂದರು ಕಾಶವ್ವ. "ಎಲ್ಲಾರ ಮನಿ ಬೆಳ್ಳಿ ಇಲ್ಲೇ ಬಂದು ಕೂಡ್ಯಾವ. ಹೋದ ವಾರ ಒಂದು ಸಲ ಎಲ್ಲಾ ತಿಕ್ಕೀನಿ. ಇವತ್ತ ಮತ್ತೊಮ್ಮೆ ಕೈ ಆಡಸಾಕ ಹತ್ತೀನಿ."

ಮಧುರಾ ಕೇಳಿಸಿಕೊಳ್ಳುತ್ತಿರಲಿಲ್ಲ. ರಾಶಿಯ ನಡುವೆ ಒಂದು ಕಲಶ ಕಂಡಿತ್ತು. ಅದರ ಕಂಠದಲ್ಲಿ ಚುಕ್ಕಿ ಚುಕ್ಕಿಯಾಗಿ ಕೆತ್ತಿದ ಹೆಸರು, ಕುಮುದಾ.

ಅದು ಮಧುರಾಳ ಅಮ್ಮನ ಹೆಸರು. ಅಮ್ಮನ ಮದುವೆಗೆ ಕೊಟ್ಟ ಕಲಶ ಅದು, ಅಮ್ಮ ಹೋದ ಮೇಲೆ ಮಧುರಾಗೆ ಬಂದದ್ದು. ಡಲ್ಲಾಸ್‌ನ ಮನೆಯ ದೇವರ ಕಪಾಟಿನಲ್ಲಿ ರೇಷ್ಮೆ ಬಟ್ಟೆ ಸುತ್ತಿ ಇಟ್ಟಿದ್ದಳು.

"ಇದು ಇಲ್ಲಿಗೆ ಹೇಗೆ ಬಂತು?"

"ನಿನ್ನ ಗಂಡನಽ ತಂದು ಕೊಟ್ಟ. ನಮ್ಮನೇಲಿ ಸುಮ್ನೆ ಕೂತಿದೆ, ಪೂಜೆಗಾದ್ರೂ ಬರಲಿ ಅಂದ. ಭಾಳ ಒಳ್ಳೇ ಹುಡುಗ."

ತನ್ನನ್ನು ಒಂದು ಮಾತು ಕೇಳದೆ, ಅಮ್ಮನ ಕಲಶವನ್ನು ಗಂಡ ಈ ಮನೆಗೆ ತಂದು ಕೊಟ್ಟಿದ್ದಾನೆ! ಮಧುರಾಳ ಕಿವಿ ಬಿಸಿಯಾಯಿತು. ನಕ್ಷತ್ರ, ಷೆರಿಫ್, ವಿಮೆ ಎಲ್ಲ ಒಂದು ಗಳಿಗೆ ಮರೆತೇ ಹೋಯಿತು. ಅಷ್ಟರಲ್ಲಿ ಮಹಡಿಯಿಂದ ನಿವೇದಿತಾ ಇಳಿದು ಬಂದಳು. ಮಧುರಾಳನ್ನು ನೋಡಿದ್ದೇ ಅವಳ ಮುಖದ ರಕ್ತ ಇಳಿಯಿತು.

ಮಧುರಾ ಫೋನಿನಲ್ಲಿದ್ದ ನಕ್ಷತ್ರದ ಚಿತ್ರವನ್ನು ಕಾಶವ್ವನ ಮುಂದೆ ಹಿಡಿದಳು. "ಅಮ್ಮ, ಇದನ್ನೂ ನೀವೇ ತಿಕ್ಕಿದ್ದಾ?"

"ಯವ್ವಾ, ನೀ ಒಳಗ ಹೋಗು," ಎಂದಳು ನಿವೇದಿತಾ ಅವಸರವಾಗಿ.

"ಯಾಕ? ಸುಳ್ಳ್ಯಾಕ ಹೇಳಲಿ?" ಎಂದರು ಕಾಶವ್ವ. "ಹೌದು, ನಾನಽ ತಿಕ್ಕೀನಿ. ಯಾರದೋ ಹುಡುಗರ ಸಾಮಾನು ಅಂತ ಮಾಡಿದ್ದೆ."

ಮಧುರಾ ನಿವೇದಿತಾಳ ಕಡೆ ತಿರುಗಿದಳು. ಇಷ್ಟು ದಿನ ಕನ್ನಡಿಯ ಮುಂದೆ ಆಡಿ ನೋಡಿದ್ದ ಮಾತುಗಳೆಲ್ಲ ಸಾಲಾಗಿ ಬಂದವು. "ಬೀಗದ ಕೈ ನಿಮ್ಮ ಹತ್ರ ಇತ್ತು. ನಕ್ಷತ್ರ ನಿಮ್ಮ ಮನೇಲಿತ್ತು. ಪಾರ್ಸೆಲ್ ಆಸ್ಟಿನ್‌ನಿಂದ ಹೋಗಿದೆ. ಇನ್ನೇನು ಹೇಳ್ತೀರಾ? ಪೊಲೀಸರ ಮುಂದೆ ಹೇಳ್ತೀರೋ, ನನ್ನ ಮುಂದೆ ಹೇಳ್ತೀರೋ?"

"ಪಾರ್ಸೆಲ್ ನಾನಽ ಕಳಿಸೀನಿ."

ಇಷ್ಟು ಸುಲಭಕ್ಕೆ ಒಪ್ಪಿಕೊಂಡಾಳು ಎಂದು ಮಧುರಾ ಎಣಿಸಿರಲಿಲ್ಲ.

"ಕಳಿಸೀನಿ ಖರೆ, ಕದ್ದಿಲ್ಲ," ಎಂದಳು ನಿವೇದಿತಾ. "ಐದು ವರ್ಷ ಆ ಮನಶ್ಯಾನ ಹಿಂದ ತಿರುಗೀನ್ರಿ. ದುಭಾಷಿ ಅಂತ ಬರದು ಮುಚ್ಚಿ ಹಾಕಿದ್ರು ಅವನ್ನ. ಅಂವಾ ಜನ ಆರಿಸಿದ ಷೆರಿಫ್ ಇದ್ದ, ಬೆನ್ನಾಗ ಗುಂಡು ಹೊಡದವ ಹ್ಯಾಡ್ಲಿ ಅಂತ ಜಗತ್ತಿಗೆ ತೋರಿಸೀನಿ. ಅವನ ಎದಿ ಮ್ಯಾಲಿನ ನಕ್ಷತ್ರ ನಾ ಕದೀತೀನೇನು?"

"ಮತ್ತೆ ಪೊಲೀಸರಿಗೆ ಯಾಕೆ ಹೇಳಲಿಲ್ಲ? ಹೆಸರಿಲ್ಲದ ಪಾರ್ಸೆಲ್ ಯಾಕೆ?"

"ಯಾಕಂದ್ರ ಅದು ಸಿಕ್ಕಿದ್ದು ನಿಮ್ಮ ಕಲಶದಾಗ!"

ಮಧುರಾ ತಿರುಗಿ ಕಲಶವನ್ನು ನೋಡಿದಳು.

"ಅವ್ವ ಕಲಶ ಬೋರಲ ಹಾಕಿದ್ಲು, ಒಳಗಿಂದ ಬಿತ್ತು," ಎಂದಳು ನಿವೇದಿತಾ. "ನಾ ನೋಡೂದ್ರಾಗ ತಿಕ್ಕಿ ಒಣಗಾಕ ಇಟ್ಟಿದ್ಲು. ನಿಮ್ಮ ಅವ್ವನ ಹೆಸರು ಕೆತ್ತಿದ ಕಲಶ. ನೀವು ಹಿಂದಿಲ್ಲ ಮುಂದಿಲ್ಲ ಈ ಕೇಸಿಗೆ ಬಂದೀರಿ. ನನ್ನ ಮ್ಯಾಲೆ ನಿಮಗ ಉರಿ ಐತಿ ಅಂತ ನನಗ ಗೊತ್ತಿಲ್ಲೇನು? ನನ್ನ ಹೆಸರು ಕೆಡಸಾಕ ನೀವಽ ಇಟ್ಟು ಕಳಿಸೀರಿ ಅಂತ ತಿಳಕೊಂಡೆ. ಪೊಲೀಸರಿಗೆ ಹೇಳಿದ್ರ ನನ್ನ ಮನ್ಯಾಗ ಸಿಕ್ಕಿದ್ದು ಅಂತ ನನ್ನಽ ಹಿಡೀತಿದ್ರು."

"ನಾನಾ? ನಾನು ಯಾಕೆ ನಿಮ್ಮ ಮೇಲೆ ಉರ್ಕೊಳ್ಳಲಿ?" ಎಂದಳು ಮಧುರಾ. ಹೇಳುವಾಗಲೇ ಅವಳ ದನಿ ಅವಳ ಗುಟ್ಟನ್ನು ಬಿಟ್ಟುಕೊಟ್ಟಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು.

ನಿವೇದಿತಾ ಸೋಫಾದ ತೋಳಿನ ಮೇಲೆ ಕುಸಿದು ಕೂತಳು. "ಉರಿ ನನಗೂ ಇತ್ರಿ, ಖರೇ ಹೇಳ್ತೀನಿ. ಇಲ್ಲಿ ಬಂದಾಗೊಮ್ಮೆ ಪ್ರಶಾಂತ್ ಅವರ ಬಾಯಾಗ ನಿಮ್ಮ ಹೆಸರಽ. ಮಧುರಾ ಕಣ್ಣಿಗೆ ಏನೂ ತಪ್ಪಂಗಿಲ್ಲ, ಮಧುರಾ ಹಂಗ, ಮಧುರಾ ಹಿಂಗ. ನನ್ನ ಗಂಡ ನನ್ನ ಬಗ್ಗೆ ಒಂದು ದಿನಾನೂ ಹಂಗ ಮಾತಾಡ್ಲಿಲ್ಲ. ಸಾಕಾಗಿತ್ತು ನನಗ."

"ನನ್ನ ಬಗ್ಗೆನಾ?" ಮಧುರಾಗೆ ನಂಬಿಕೆ ಬರಲಿಲ್ಲ. "ಮನೇಲಿ ಅವನು ಹೊಗಳೋದು ನಿಮ್ಮನ್ನ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಮಧುರಾಳ ತಲೆಯಲ್ಲಿ ತನಿಖೆಗಾರ್ತಿ ಎಂಬುವಳು ಬೆಳಗಿನಿಂದ ಮೊದಲ ಸಲ ಎದ್ದು ಕೂತಳು. ಅಲ್ಲೀವರೆಗೆ ಅವಳ ಕೆಲಸವನ್ನೆಲ್ಲ ಹೊಟ್ಟೆಕಿಚ್ಚೇ ಮಾಡುತ್ತಿತ್ತು.

ಅವಳು ಜಮಖಾನೆಯ ಮೇಲೆ ಕಾಶವ್ವನ ಪಕ್ಕ ಕೂತಳು. "ಅಮ್ಮ, ಕಲಶ ತಿಕ್ಕಿದ ಬಟ್ಟೆ ಇದೆಯಾ?"

ಕಾಶವ್ವ ಬುಟ್ಟಿಯಿಂದ ಒಂದು ತುಂಡು ಎತ್ತಿ ಕೊಟ್ಟರು. ಕಾಡಿಗೆ ಒರೆಸಿದಂತೆ ಕಪ್ಪಗಿತ್ತು. ವರ್ಷಗಟ್ಟಲೆ ಕಪಾಟಿನಲ್ಲಿದ್ದ ಬೆಳ್ಳಿ ತಿಕ್ಕಿದರೆ ಬಟ್ಟೆ ಹಾಗಾಗಲೇಬೇಕು. ಅಮ್ಮನ ಕೈಬೆರಳುಗಳೂ ಹಬ್ಬದ ಹಿಂದಿನ ರಾತ್ರಿ ಕಪ್ಪಗೇ ಇರುತ್ತಿದ್ದವು.

"ನಕ್ಷತ್ರ ತಿಕ್ಕಿದ್ದೂ ಇದರಲ್ಲೇನಾ?"

"ಇಲ್ಲವಾ. ಆ ಅರಿವಿ ಕರ್ರಗ ಆಗಿತ್ತಲ್ಲ, ಹೊಸಾ ತುಂಡು ತಗೊಂಡೆ. ಇಲ್ಲೈತಿ ನೋಡು."

ಎರಡನೆಯ ತುಂಡಿನ ಮೇಲೆ ವಿಭೂತಿಯ ಬಿಳಿ ಬಿಟ್ಟರೆ ಏನೂ ಇರಲಿಲ್ಲ. ಮಧುರಾ ಅದನ್ನು ಕಿಟಕಿಯ ಬೆಳಕಿಗೆ ಹಿಡಿದಳು. ತಿರುಗಿಸಿ ಹಿಡಿದಳು. ಒಂದು ಎಳೆ ಕಪ್ಪಿಲ್ಲ.

"ಅಮ್ಮ, ನೀವು ತಿಕ್ಕೋಕೆ ಮುಂಚೆ ಅದು ಹೇಗಿತ್ತು?"

"ಹೊಳಿತಿತ್ತು. ಹೊಸಾದಿತ್ತಲ್ಲ. ಆದ್ರೂ ಪೂಜಾದ ಸಾಮಾನಿನ ಜೋಡಿ ಬಂದೈತಿ, ಒಂದೀಟು ಕೈ ಆಡಸೂಣು ಅಂತ ತಿಕ್ಕಿದೆ."

ನಿವೇದಿತಾ ಎದ್ದು ನಿಂತಳು. "ಹೊಸಾದಽ? ಯವ್ವಾ, ಸರಿಯಾಗಿ ನೆನಸಿಕೊ. ಕರ್ರಗ ಇರಲಿಲ್ಲೇನು?"

"ನನ್ನ ಕಣ್ಣಿಗೆ ಇನ್ನೂ ಪೊರಿ ಬಂದಿಲ್ಲ."

ಮಧುರಾ ಬಟ್ಟೆಯನ್ನು ನಿವೇದಿತಾಳ ಕೈಗಿತ್ತಳು. "ನೂರೈವತ್ತು ವರ್ಷದ ಕಪ್ಪು ಹೋಗಿದ್ರೆ ಈ ಬಟ್ಟೆ ಮಸಿಯಾಗಬೇಕಿತ್ತು. ಎಲೆನಾ ಮನೇಲಿರೋದು ಬರೇರಾನ ನಕ್ಷತ್ರ ಅಲ್ಲ. ಅದರ ನಕಲು. ಬೆಳ್ಳೀಲೇ ಎರಕ ಹೊಯ್ದಿದ್ದು."

"ನಾ ಅದನ್ನ ಸರಿಯಾಗಿ ನೋಡಲೇ ಇಲ್ರಿ," ಎಂದಳು ನಿವೇದಿತಾ ಮೆಲ್ಲಗೆ. "ಅವ್ವ ತಿಕ್ಕಿದ್ದಕ್ಕ ಹೊಳಿತೈತಿ ಅಂದ್ಕೊಂಡೆ. ಹೆದರಿಕ್ಯಾಗ ಕವರಿನಾಗ ಹಾಕಿ ಒಗದು ಬಂದೆ."

"ಎಲ್ಲರೂ ಹಾಗೇ ಅಂದ್ಕೋಬೇಕು ಅಂತಾನೇ ಇಲ್ಲಿಗೆ ಕಳಿಸಿದ್ದು. ಹೊಸ ಬೆಳ್ಳಿ ಯಾಕೆ ಹೊಳೆಯುತ್ತೆ ಅಂದ್ರೆ ಒಬ್ಬ ಅಜ್ಜಿ ತಿಕ್ಕಿದ್ರು. ಅಷ್ಟೇ. ಅಸಲಿ ಎಲ್ಲಿ ಅಂತ ಯಾರೂ ಮುಂದಕ್ಕೆ ಕೇಳಲ್ಲ."

ಹೇಳುತ್ತ ಹೇಳುತ್ತ ಅವಳ ಕಣ್ಣು ಮತ್ತೆ ಅಮ್ಮನ ಕಲಶದ ಮೇಲೆ ಹೋಯಿತು. ಹದ್ದಿನ ರೆಕ್ಕೆಯ ಗೆರೆಗೆರೆಯನ್ನೂ ನಕಲು ಮಾಡಬಲ್ಲವನು ಯಾರು? ಆ ನಕ್ಷತ್ರವನ್ನು ಸ್ಕ್ಯಾನ್ ಮಾಡಿದವನು. ನಿವೇದಿತಾ ಪೆಟ್ಟಿಗೆ ತೆರೆದು ಕೊಟ್ಟಾಗ ಬೀಗದ ಕೈ ಪಕ್ಕದಲ್ಲೇ ನಿಂತಿದ್ದವನು. ಡಲ್ಲಾಸ್‌ನ ದೇವರ ಕಪಾಟಿನಿಂದ ಕಲಶ ತೆಗೆದು ತಂದವನು. ಕಾಶವ್ವ ವಿಭೂತಿಯಲ್ಲಿ ಬೆಳ್ಳಿ ತಿಕ್ಕುವುದನ್ನು ನೋಡಿದವನು.

ಆ ಬೂದಿಯ ವಾಸನೆಯನ್ನು ಮಧುರಾ ಹಿಡಿಯುತ್ತಾಳೆ, ಹಿಡಿದವಳೇ ಈ ಮನೆಗೆ ಓಡುತ್ತಾಳೆ ಎಂದು ಅವನಿಗೆ ಗೊತ್ತಿತ್ತು. ಕಲಶದ ಮೇಲಿನ ಹೆಸರು ನೋಡಿ ನಿವೇದಿತಾ ಬಾಯಿ ಮುಚ್ಚಿಕೊಳ್ಳುತ್ತಾಳೆ ಎಂದೂ ಗೊತ್ತಿತ್ತು. ಇಬ್ಬರ ಜಗಳ ಮೂರನೆಯವನಿಗೆ ಲಾಭ. ಇಬ್ಬರ ಕಿವಿಯಲ್ಲೂ ವರ್ಷವಿಡೀ ಇನ್ನೊಬ್ಬಳನ್ನು ಹೊಗಳಿದ್ದು ಸುಮ್ಮನಲ್ಲ.

"ಪ್ರಶಾಂತ್..." ಎಂದಳು ನಿವೇದಿತಾ. ಅವಳೂ ಅಲ್ಲಿಗೇ ಬಂದು ಮುಟ್ಟಿದ್ದಳು.

ಮಧುರಾ ಗಡಿಯಾರ ನೋಡಿದಳು, ಬಾಸ್‌ಗೆ ಹೆಸರು ಹೇಳುವ ಹೊತ್ತು ಹತ್ತಿರವಾಗುತ್ತಿತ್ತು. ನಿವೇದಿತಾಳ ಹೆಸರು ಕೊಟ್ಟರೆ ಕೆಲಸ ಉಳಿಯುತ್ತದೆ, ಸಂಸಾರ ಉಳಿಯುತ್ತದೆ, ಈ ಇಳಕಲ್ ಸೀರೆಯವಳು ಶಾಶ್ವತವಾಗಿ ತೊಲಗುತ್ತಾಳೆ. ಸಾಕ್ಷಿಯೂ ಸಾಕಷ್ಟಿದೆ. ಬೆಳಿಗ್ಗೆಯಾಗಿದ್ದರೆ ಅವಳು ಒಂದು ಗಳಿಗೆಯೂ ಯೋಚಿಸುತ್ತಿರಲಿಲ್ಲ. ಈಗ ಎದುರಿಗೆ ನಿಂತವಳ ಕಣ್ಣಲ್ಲಿ ತನ್ನದೇ ಪಾಡು ಕಾಣುತ್ತಿತ್ತು. ಅದನ್ನು ನೋಡಿ ಅವಳಿಗೆ ನಾಚಿಕೆಯಾಯಿತು.

ಫೋನ್ ತೆಗೆದು ಎಲೆನಾಗೆ ಕರೆ ಮಾಡಿದಳು.

"ಎಲೆನಾ, ಆ ನಕ್ಷತ್ರ ಹುಷಾರು. ಅದು ನಿಮ್ಮ..."

"ಮಿಹಾ, ನೀನು ಎಂಥವಳು!" ಎಲೆನಾರ ದನಿಯಲ್ಲಿ ನಗುವಿತ್ತು. "ಪ್ರಶಾಂತ ನಿನ್ನ ಗಂಡ ಅಂತ ನನಗೆ ಹೇಳೋದಲ್ವಾ? ಪ್ರದರ್ಶನಕ್ಕೆ ಅಂತ ಎಷ್ಟು ಸಲ ಬಂದಿದ್ದಾನೆ ನಮ್ಮ ಮನೆಗೆ. ನೀನು ಹೋದ ಸ್ವಲ್ಪ ಹೊತ್ತಿಗೇ ಬಂದ. ನಿಮ್ಮ ಮದುವೆ ಫೋಟೋನೂ ತೋರಿಸಿದ. ಕೆಂಪು ಸೀರೇಲಿ ಎಷ್ಟು ಚೆನ್ನಾಗಿದ್ದೀಯ!"

"ನಕ್ಷತ್ರ ಎಲ್ಲಿದೆ?"

"ನಮ್ಮ ಹುಡುಗನೇ ಅಂತ ನಂಬಿ ಅವನ ಕೈಲೇ ಕೊಟ್ಟೆನಲ್ಲ. ಪರೀಕ್ಷಕರು ಇವತ್ತೇ ನೋಡ್ತಾರೆ ಅಂತ ನೀನೇ ಕಳಿಸಿದೆಯಂತೆ. ನಿನಗೆ ಆಗಲೇ ಫೋನ್ ಮಾಡೋಣ ಅಂತಿದ್ದೆ, ಅವನು ಬೇಡ ಅಂದ. ಅವಳು ರೌಂಡ್ ರಾಕ್‌ಗೆ ಡ್ರೈವ್ ಮಾಡ್ತಿದ್ದಾಳೆ, ತೊಂದರೆ ಕೊಡಬೇಡಿ ಅಂದ."

ರೌಂಡ್ ರಾಕ್‌ಗೆ ಹೊರಟಿದ್ದೇನೆಂದು ಮಧುರಾ ಒಂದು ನರಪಿಳ್ಳೆಗೂ ಹೇಳಿರಲಿಲ್ಲ.

ಅವಳು ಫೋನ್ ಕೆಳಗಿಟ್ಟಳು. ಪರೀಕ್ಷೆಗೆ ಮೊದಲೇ ನಕಲು ಅವನ ಕೈ ಸೇರಿತ್ತು, ಸಾಕ್ಷಿಯಾಗಿ ಉಳಿದದ್ದು ಬಿಳಿ ಬಟ್ಟೆಯ ಒಂದು ತುಂಡು ಮಾತ್ರ. ಏನಾಯಿತೆಂದು ನಿವೇದಿತಾ ಕೇಳುವಷ್ಟರಲ್ಲಿ ಅವಳ ಫೋನೇ ಬಡಿದುಕೊಳ್ಳತೊಡಗಿತು. ಪರದೆಯ ಮೇಲೆ ಪ್ರಶಾಂತ್ ಎಂಬ ಹೆಸರು.

ತನ್ನ ಗಂಡ ತನಗೆ ಮಾಡದೆ ಅವಳಿಗೆ ಮಾಡುತ್ತಿದ್ದಾನೆ. ಇಂಥ ಹೊತ್ತಿನಲ್ಲೂ ಮಧುರಾಳ ಹೊಟ್ಟೆಯಲ್ಲಿ ಹಳೇ ಸಾಸಿವೆ ಚಟ್ಟೆಂದಿತು.

ನಿವೇದಿತಾ ಸ್ಪೀಕರ್ ಒತ್ತಿದಳು.

"ನಿವೇದಿತಾ, ಅವಳು ಬಂದಳಾ?"

ನಿವೇದಿತಾ ಮಧುರಾಳನ್ನು ನೋಡಿದಳು. "ಯಾರ್ರಿ? ಇಲ್ಲ, ಯಾರೂ ಬಂದಿಲ್ಲ."

"ಬರ್ತಾಳೆ. ಬಂದು ಜಗಳ ತೆಗೀತಾಳೆ. ತೆಗೀಲಿ ಬಿಡಿ, ನೀವೂ ನಾಲ್ಕು ಮಾತಾಡಿ, ಸಂಜೆವರೆಗೂ ಕೂರಿಸ್ಕೊಳ್ಳಿ." ಪ್ರಶಾಂತ್ ನಕ್ಕ. ಮಧುರಾಗೆ ಚೆನ್ನಾಗಿ ಪರಿಚಯವಿದ್ದ ನಗು. "ಸಿಟ್ಟು ಬಂದಾಗ ಅವಳಿಗೆ ಎದುರಿಗಿರೋದೂ ಕಾಣಲ್ಲ. ಇಷ್ಟು ವರ್ಷ ಜೊತೆಗಿದ್ದೀನಲ್ಲ, ನನಗೆ ಗೊತ್ತು."

ಮಧುರಾ ಕೈ ಚಾಚಿ ಫೋನ್ ತೆಗೆದುಕೊಂಡಳು.

"ಎಲ್ಲಿದ್ದೀಯ, ಪ್ರಶಾಂತ್?"

ಆ ಕಡೆ ನಗು ನಿಂತಿತು. ಕಾರಿನ ಇಂಡಿಕೇಟರ್ ಟಿಕ್ ಟಿಕ್ ಎನ್ನುವುದು ಕೇಳಿಸಿತು. ಆಮೇಲೆ ಕೇಳಿಸಿದ್ದು ಒಂದು ಹೆಂಗಸಿನ ದನಿ, ಕನ್ನಡದಲ್ಲಿ, ಮನೆಯವರ ಸಲಿಗೆಯಲ್ಲಿ.

"ಏ ಪ್ರಶಾಂತ್, ಯಾರೋ ಅದು ಫೋನಲ್ಲಿ? ನಕ್ಷತ್ರ ಎರಡೂ ನನ್ನ ಕೈಲಿ ಕೊಟ್ಟು ನೀನು ಗಾಡಿ ಓಡ್ಸು."

ಕರೆ ಕಡಿಯಿತು.

"ಯಾರ್ರಿ ಅಕಿ?" ಎಂದಳು ನಿವೇದಿತಾ.

"ನಾನು ನಿಮ್ಮನ್ನ ಕೇಳಬೇಕು ಅಂತಿದ್ದೆ," ಎಂದಳು ಮಧುರಾ.